ಬಾಗಿಲಲ್ಲಿ ತಲೆ ತಗ್ಗಿಸಿದವನು

"ಕೊಲೆ ಮಾಡಿದವಳ ಮನೆಗೆ ಬೂಟು ಬಿಚ್ಚಿಟ್ಟು ಹೋಗ್ತಿದೀರಲ್ಲ ಸಾರ್, ಅದೇನು ಗರ್ಭಗುಡಿಯಾ?"

ದೋಣಿ ಕಟ್ಟುವ ಧಕ್ಕೆಯ ಮೇಲೆ ನೆರೆದಿದ್ದ ಜನ ನಕ್ಕರು. ಇನ್‌ಸ್ಪೆಕ್ಟರು ನಗಲಿಲ್ಲ, ತಿರುಗಿ ನೋಡಲೂ ಇಲ್ಲ. ಬಿಚ್ಚಿದ ಬೂಟುಗಳನ್ನು ಕಟ್ಟೆಯ ಅಂಚಿಗೆ ಜೋಡಿಸಿಟ್ಟು, ಒಂದು ಕಾಲು ಕಲ್ಲಿನ ಮೇಲೆ, ಒಂದು ಕಾಲು ದೋಣಿಯ ಮೇಲೆ ಊರಿ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ದೇವರನ್ನು ನೆನೆದರು. ಯಾವ ಕೇಸಿನಲ್ಲೂ ವಿಚಾರಣೆಗೆ ಕೂರುವ ಮುನ್ನ ಅವರು ಹೀಗೆ ನೆನೆಯುವುದುಂಟು. ಸತ್ಯ ಕಾಣಿಸು ಎಂದು ಬೇಡಿಕೊಳ್ಳುವುದು ರೂಢಿ. ಇವತ್ತು ಬೇಡಿಕೊಂಡದ್ದು ಅದಕ್ಕಿಂತ ಸಣ್ಣದು: ಹೊಟ್ಟೆಯಲ್ಲಿದ್ದದ್ದು ಹೊಟ್ಟೆಯಲ್ಲೇ ಇರಲಿ.

ಬಂದರಿನ ಠಾಣೆಗೆ ವರ್ಗವಾಗಿ ಬಂದು ವರ್ಷಗಳೇ ಆಗಿದ್ದರೂ ನೀರಿಗೂ ಅವರಿಗೂ ಸರಿಬಂದಿರಲಿಲ್ಲ. ಕಟ್ಟಿಹಾಕಿದ ದೋಣಿಯಲ್ಲಿ ಕೂತರೂ ಕರುಳು ತೊಳಸುತ್ತಿತ್ತು.

ಲೇವಡಿ ಮಾಡಿದವನು ಕಾಣೆಯಾದವನ ತಮ್ಮ. ಧಕ್ಕೆಯ ತುದಿಯ ದೋಣಿ ಕಾರ್ಖಾನೆ ಈಗ ಅವನ ಕೈಯಲ್ಲಿದೆ. ಅಪ್ಪ ಕಟ್ಟಿದ ಕೊನೆಯ ಹಾಯಿದೋಣಿ ಇದು, ಹೆಸರು 'ನಿಧಾನ'. ಅದರಲ್ಲಿ ಅಣ್ಣ ಹೆಂಡತಿಯನ್ನು ಕೂರಿಸಿಕೊಂಡು ಭೂಮಿ ಸುತ್ತಲು ಹೊರಟಿದ್ದ. ಸುತ್ತು ಇನ್ನೇನು ಮುಗಿಯಬೇಕು ಅನ್ನುವಾಗ ಮೊನ್ನೆ ಹೆಂಡತಿ ಒಬ್ಬಳೇ ದೋಣಿ ನಡೆಸಿಕೊಂಡು ಬಂದಿದ್ದಳು. ನಡುಗಡಲಿನಲ್ಲಿ ಗಂಡ ನೀರುಪಾಲಾದ ಎಂದಿದ್ದಳು. ಊರು ನಂಬಿರಲಿಲ್ಲ.

ಮೇಲಿನ ಸಾಹೇಬರೂ ನಂಬಿರಲಿಲ್ಲ. "ಸಂಜೆಯೊಳಗೆ ಅವಳನ್ನ ಒಳಗೆ ಹಾಕ್ರಿ," ಎಂದು ಈಗಷ್ಟೇ ಫೋನಿನಲ್ಲಿ ಗದರಿದ್ದರು. "ದೋಣಿಯಲ್ಲಿ ಇದ್ದದ್ದು ಇಬ್ಬರು. ಒಬ್ಬರು ಇಲ್ಲ. ಇನ್ನೊಬ್ಬರು ಯಾರು ಅಂತ ಲೆಕ್ಕ ಹಾಕೋಕೆ ನಿಮಗೆ ಮೇಷ್ಟ್ರು ಬೇಕಾ?"

ಇನ್‌ಸ್ಪೆಕ್ಟರು ದೋಣಿಯ ಮೇಲಿಂದ ಒಮ್ಮೆ ಸುತ್ತ ನೋಡಿದರು. ಬಂದರಿನ ಬಾಯಿಯ ಆಚೆ ಎರಡು ಬೋಳು ದ್ವೀಪಗಳು ಬಿಸಿಲಿಗೆ ಬೆನ್ನೊಡ್ಡಿ ಮಲಗಿದ್ದವು. ಧಕ್ಕೆಯ ಮೇಲೆ ತಮ್ಮ ಕೈಕಟ್ಟಿ ನಿಂತಿದ್ದ. ಬೆಳಿಗ್ಗೆ ಅವನ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ, ಕಾರ್ಖಾನೆಯ ಪಾಲುದಾರನೆಂದು ತನ್ನನ್ನು ಹೇಳಿಕೊಂಡಿದ್ದ ನಯವಾದ ಮನುಷ್ಯ ಈಗ ಇರಲಿಲ್ಲ. ಊಟಕ್ಕೆ ಹೋಗಿರಬೇಕು ಎಂದುಕೊಂಡರು.

ಆಮೇಲೆ ಕೆಳಗಿನ ಕೋಣೆಗೆ ಇಳಿಯಲು ಬಾಗಿಲಿಗೆ ಬಂದರು, ಮತ್ತು ಠಪ್ಪನೆ ಹಣೆ ಬಡಿಸಿಕೊಂಡರು.

ಬೆಳಿಗ್ಗೆಯೂ ಬಡಿದಿತ್ತು, ಅದೇ ಜಾಗಕ್ಕೆ. ಬಾಗಿಲಿನ ಒಳಮೇಲ್ಗಡೆ, ತೊಲೆಗೆ ಮೊಳೆ ಹೊಡೆದು ಕೂರಿಸಿದ ಮರದ ಪೆಟ್ಟಿಗೆ. ಅದರೊಳಗೆ ವೈರ್‌ಲೆಸ್ ಸೆಟ್ಟು. ತೊಲೆಗೂ ಪೆಟ್ಟಿಗೆಗೂ ಒಂದೇ ಕಪ್ಪು ಬಣ್ಣ. ಬಿಸಿಲಿನಿಂದ ಬಂದವನ ಕಣ್ಣಿಗೆ ಅಲ್ಲಿ ಏನೂ ಇಲ್ಲ, ಹಣೆಗೆ ಮಾತ್ರ ಇದೆ.

"ಮತ್ತೆ ಬಡಿಸಿಕೊಂಡ್ರಾ?" ಒಳಗಿನಿಂದ ಹೆಣ್ಣುದನಿ ಕೇಳಿತು. ಅದರಲ್ಲಿ ಮರುಕವಿರಲಿಲ್ಲ.

"ನಿಮ್ಮ ಮನೆಯ ಸತ್ಕಾರ, ಟೀಚರ್."

ಕಡಲಿಗೆ ಹೋಗುವ ಮುನ್ನ ಆಕೆ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಬಂದರಿನಲ್ಲಿ ಎಲ್ಲರೂ ಆಕೆಯನ್ನು ಈಗಲೂ ಕರೆಯುವುದು ಟೀಚರ್ ಎಂದೇ, ಬೈಯುವಾಗಲೂ. ಬಿಸಿಲಿಗೆ ಚರ್ಮ ಸುಟ್ಟು, ಕೂದಲು ಉಪ್ಪಿಗೆ ನಾರಾಗಿತ್ತು. ಮಲಗುವ ಹಲಗೆಯ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅತ್ತ ಗುರುತು ಕಣ್ಣಿನಲ್ಲಿರಲಿಲ್ಲ, ನಿದ್ದೆಗೆಟ್ಟ ಗುರುತು ಧಾರಾಳವಾಗಿತ್ತು.

ಆಕೆಯ ನೋಟ ಇನ್‌ಸ್ಪೆಕ್ಟರ ಹಣೆಯನ್ನು ದಾಟಿ ಪೆಟ್ಟಿಗೆಯ ಮೇಲೆ ನಿಂತಿತು. ಹಣೆ ಬಡಿದ ರಭಸಕ್ಕೆ ಪೆಟ್ಟಿಗೆಯಿಂದ ಹೊರಚಾಚಿದ ಸೆಟ್ಟಿನ ಗುಂಡಿ ತಿರುಗಿ, ಸಣ್ಣದೊಂದು ಕೆಂಪು ದೀಪ ಹತ್ತಿಕೊಂಡಿತ್ತು. ಆಕೆ ಎದ್ದು ಕೈ ಚಾಚಿದಳು.

"ಮುಟ್ಟಬೇಡಿ," ಎಂದರು ಇನ್‌ಸ್ಪೆಕ್ಟರು. "ಇಲ್ಲಿರೋದು ಎಲ್ಲಾ ಸಾಕ್ಷಿ. ಇದ್ದಹಾಗೇ ಇರಲಿ."

"ಬ್ಯಾಟರಿ ಸುಮ್ಮನೆ ಖರ್ಚಾಗುತ್ತೆ."

"ಆಗಲಿ."

ಆಕೆ ಕೂತಳು. ಕೂತ ಮೇಲೂ ಒಂದೆರಡು ಸಲ ಆ ಕೆಂಪು ಚುಕ್ಕೆಯನ್ನು ನೋಡಿದಳು, ಆಮೇಲೆ ಗುಂಡುಕಿಟಕಿಯ ಆಚೆ ನೋಡಿದಳು. ಇನ್‌ಸ್ಪೆಕ್ಟರು ಅದನ್ನು ಗಮನಿಸಿದರು. ಆದರೆ ಅವರ ಗಮನದಲ್ಲಿ ಅರ್ಧಭಾಗ ಹೊಟ್ಟೆಯನ್ನು ಕಾಯುವುದಕ್ಕೆ ಹೋಗಿತ್ತು.

"ಇನ್ನೊಂದು ಸಲ ಹೇಳಿ. ಅವತ್ತು ನೀವು ಮಲಗಿದ್ದದ್ದು ಎಲ್ಲಿ?"

"ಇಲ್ಲೇ. ಮಲಗೋಕೆ ಇರೋದೇ ಇದೊಂದು." ಆಕೆ ಹಲಗೆಯ ಅಂಚಿಗೆ ಕಟ್ಟಿದ್ದ ದಪ್ಪಬಟ್ಟೆಯನ್ನು ಎಳೆದು ತೋರಿಸಿದಳು. ಅದನ್ನು ಮೇಲಕ್ಕೆತ್ತಿ ಕಟ್ಟಿದರೆ ಮಲಗಿದವರು ದೋಣಿ ವಾಲಿದಾಗ ಉರುಳಿ ಬೀಳುವುದಿಲ್ಲ. ಮಗುವಿನ ತೊಟ್ಟಿಲಿನ ಹಾಗೆ. "ಒಬ್ಬರು ಮೇಲೆ ಚುಕ್ಕಾಣಿ ಹಿಡಿದಿರ್ತಾರೆ, ಇನ್ನೊಬ್ಬರು ಇಲ್ಲಿ ಮಲಗಿರ್ತಾರೆ. ಅವರು ಎದ್ದ ಬೆಚ್ಚಗಿನ ಜಾಗಕ್ಕೆ ನಾನು, ನಾನು ಎದ್ದ ಜಾಗಕ್ಕೆ ಅವರು."

"ಜಗಳ?"

"ಜಗಳಕ್ಕೆ ಇಬ್ಬರೂ ಎಚ್ಚರ ಇರಬೇಕಲ್ಲ, ಇನ್‌ಸ್ಪೆಕ್ಟ್ರೇ."

ಬೇರೆ ದಿನವಾಗಿದ್ದರೆ ಅವರು ನಗುತ್ತಿದ್ದರು. "ಚುಕ್ಕಾಣಿ ಕೈ ಬದಲಾಯಿಸೋದು ಹೇಗೆ?"

"ಮಾತಿನಿಂದ. 'ಇನ್ನು ನಿನ್ನದು' ಅಂತ ಅವರು ಹೇಳಬೇಕು, 'ನನ್ನದು' ಅಂತ ನಾನು ಹೇಳಬೇಕು. ಅಷ್ಟು ಹೇಳದೆ ಯಾರೂ ಚುಕ್ಕಾಣಿಯಿಂದ ಕೈ ತೆಗೆಯಲ್ಲ. ಹೊರಟ ಹೊಸದರಲ್ಲಿ ಒಂದು ಸಲ ನೀವು ಹಿಡಿದಿದೀರಿ ಅಂತ ನಾನು, ನೀನು ಹಿಡಿದಿದೀಯ ಅಂತ ಅವರು, ದೋಣಿ ಯಾರದ್ದೂ ಇಲ್ಲದೆ ಬಂಡೆ ಕಡೆಗೆ ಹೊರಟಿತ್ತು. ಅವತ್ತಿನಿಂದ ಈ ಶಾಸ್ತ್ರ. ಮುನಿಸಿಕೊಂಡಾಗಲೂ ತಪ್ಪಿಸಿಲ್ಲ. ಜ್ವರದಲ್ಲೂ ತಪ್ಪಿಸಿಲ್ಲ. ದೂರದಿಂದ ಸೆಟ್ಟಿನಲ್ಲಿ ಮಾತಾಡಿದರೂ ಮುಗಿಸೋದು ಹೀಗೇ."

ಸಂಸಾರ ಎಂದರೆ ಇಷ್ಟೇ ಅಲ್ಲವೇ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಭಾರ ಯಾರ ಕೈಯಲ್ಲಿದೆ ಎಂದು ಬಾಯಿಬಿಟ್ಟು ಹೇಳುವ ಎರಡು ಮಾತು. ಅದನ್ನು ಹೇಳದೆಯೇ ಬಂಡೆಗೆ ಬಡಿದ ಮನೆಗಳನ್ನು ಅವರು ತಮ್ಮ ಕೆಲಸದಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿರಲಿಲ್ಲ.

ಆದರೆ ಅವರು ಬಂದದ್ದು ಮೆಚ್ಚುವುದಕ್ಕಲ್ಲ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಅಂಗೈಯಷ್ಟು ಉದ್ದದ ಉಕ್ಕಿನ ಕೊಕ್ಕೆ.

ಇದು ಗಂಡನ ಕೊಕ್ಕೆ. ದೋಣಿಯ ಮೇಲಿರುವವರು ಎದೆಗೆ ಪಟ್ಟಿ ಕಟ್ಟಿಕೊಂಡು, ದೋಣಿಗೆ ಕಟ್ಟಿದ ಹಗ್ಗವನ್ನು ಇಂಥ ಕೊಕ್ಕೆಯಿಂದ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಕಾಲು ಜಾರಿದರೂ ದೋಣಿ ಕೈಬಿಡುವುದಿಲ್ಲ. ಕೊಕ್ಕೆಯ ಬಾಯಿಗೆ ಒಂದು ನಾಲಿಗೆ, ನಾಲಿಗೆಗೆ ಸ್ಪ್ರಿಂಗು. ಒತ್ತಿದರೆ ತೆರೆಯಬೇಕು, ಬಿಟ್ಟರೆ ತಾನೇ ಮುಚ್ಚಬೇಕು.

ಇನ್‌ಸ್ಪೆಕ್ಟರು ಒತ್ತಿ ಬಿಟ್ಟರು. ನಾಲಿಗೆ ತೆರೆದೇ ಇತ್ತು.

"ಉಪ್ಪಿಗೆ ತುಕ್ಕು ಹಿಡಿದಿದೆ ಅಂತ ಬೆಳಿಗ್ಗೆ ಹೇಳಿದ್ರಿ. ಮಧ್ಯಾಹ್ನ ಇದನ್ನ ಬೀಗ ರಿಪೇರಿಯವನಿಗೆ ತೋರಿಸಿದೆ. ಸ್ಪ್ರಿಂಗನ್ನ ಯಾರೋ ಅರದಿಂದ ಉಜ್ಜಿದಾರೆ. ಮೇಲೆ ಉಪ್ಪಿನ ಕಲೆ ಇದೆ, ಕೆಳಗೆ ಉಜ್ಜಿದ ಗೆರೆ ಇನ್ನೂ ಹೊಳೀತಿದೆ. ಇಲ್ಲಿ ಅರ ಇದೆಯಾ, ಟೀಚರ್?"

"ಇದೆ. ಉಪಕರಣದ ಡಬ್ಬೀಲಿ."

"ಯಾರು ಬಳಸ್ತಿದ್ರಿ?"

"ಇಬ್ಬರೂ." ಆಕೆ ಕೊಕ್ಕೆಯಿಂದ ಮುಖ ತಿರುಗಿಸಲಿಲ್ಲ. "ನಾನೇ ಉಜ್ಜಿದೆ ಅಂತ ಬರಕೊಳ್ಳಿ. ನೀವೂ ಬೇಗ ಮನೆಗೆ ಹೋಗಬಹುದು. ಹೊಟ್ಟೆ ಬೇರೆ ಸರಿಯಿಲ್ಲ ನಿಮಗೆ."

ಇನ್‌ಸ್ಪೆಕ್ಟರು ದೋಣಿಯ ಮೂತಿಯ ಕಡೆಗೆ ಹೊರಟರು. ಒಳಗೊಳಗೇ ಬಗ್ಗಿ ಹೋದರೆ ತುದಿಯಲ್ಲಿ ಒಂದು ಸಣ್ಣ ಕದ. ಅದರ ಹಿಂದೆ ಲಂಗರಿನ ಸರಪಳಿ ಸುರುಳಿ ಸುತ್ತಿಕೊಂಡು ಕೂತಿರುವ ಗೂಡು. ಬೆಳಿಗ್ಗೆ ಅದನ್ನು ನೋಡದೆ ಬಿಟ್ಟಿದ್ದರು. ಈಗಲೂ ತೆರೆದದ್ದು ನೋಡಲಿಕ್ಕೆಂದಲ್ಲ. ಅಲ್ಲಿ ಒಂದಿಷ್ಟು ಗಾಳಿ ಇರಬಹುದೆಂಬ ಆಸೆಗೆ.

ಗಾಳಿ ಇರಲಿಲ್ಲ, ವಾಸನೆ ಇತ್ತು. ಕೆಸರಿನದು.

ಕದ ತೆರೆದುಕೊಂಡೇ ಅವರು ಸ್ವಲ್ಪ ಹೊತ್ತು ಮೊಣಕಾಲೂರಿ ಕೂತರು. ಸರಪಳಿಯ ಕೆಳಗಿನ ಕೊಂಡಿಗಳಿಗೆ ಕಪ್ಪು ಕೆಸರು ಮೆತ್ತಿತ್ತು. ಬೆರಳು ಒತ್ತಿದರೆ ಬೆರಳು ಇಳಿಯಿತು. ಅಷ್ಟರಲ್ಲಿ ಎರಡು ಕೊಂಡಿಗಳ ನಡುವಿನಿಂದ ಉಗುರಿನಷ್ಟು ದೊಡ್ಡ ಏಡಿಮರಿಯೊಂದು ಹೊರಬಂದು, ಪೊಲೀಸಿನವರ ಕೈ ಎಂಬ ಭಯವಿಲ್ಲದೆ ಅವರ ಬೆರಳನ್ನು ಹತ್ತಿತು.

ಅದನ್ನು ಅಂಗೈಯಲ್ಲಿ ಕೂರಿಸಿಕೊಂಡು ಇನ್‌ಸ್ಪೆಕ್ಟರು ಹಿಂದಿರುಗಿದರು.

"ಲಂಗರು ಕೊನೆಯ ಸಲ ಇಳಿಸಿದ್ದು ಎಲ್ಲಿ ಅಂದ್ರಿ?"

"ಹಿಂದಿನ ಬಂದರಿನಲ್ಲಿ. ಕಡಲಿನ ಆಚೆದಡದಲ್ಲಿ." ಆಕೆಗೆ ಅಂಗೈ ಇನ್ನೂ ಕಂಡಿರಲಿಲ್ಲ. "ಅಲ್ಲಿಂದ ಇಲ್ಲಿಯವರೆಗೆ ನೆಲ ಕಂಡಿಲ್ಲ. ಇಲ್ಲಿ ನೇರ ಧಕ್ಕೆಗೆ ಕಟ್ಟಿದೆ. ಎಲ್ಲರೂ ನೋಡಿದಾರೆ."

"ಅಷ್ಟು ದೊಡ್ಡ ಕಡಲು ದಾಟೋಕೆ ವಾರಗಟ್ಟಲೆ ಬೇಕು."

"ಬೇಕು."

"ಅಷ್ಟೂ ವಾರ ಇದು ಆ ಕತ್ತಲೆಗೂಡಿನಲ್ಲಿ ಉಪವಾಸ ಮಾಡಿಕೊಂಡು ಕೂತಿತ್ತಾ?"

ಅಂಗೈ ಮುಂದಕ್ಕೆ ಬಂತು. ಏಡಿಮರಿ ಅಡ್ಡಡ್ಡ ನಡೆದು ಹೆಬ್ಬೆರಳಿನ ಬುಡಕ್ಕೆ ಹೋಗಿ ನಿಂತಿತು. ಟೀಚರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆದರೆ ಹಲಗೆಯ ಅಂಚನ್ನು ಹಿಡಿದಿದ್ದ ಬೆರಳುಗಳು ಬೆಳ್ಳಗಾದವು.

"ಗಂಡ ನೀರಿಗೆ ಬಿದ್ದರು ಅಂತ ನೀವು ಹೇಳಿದ ಮೇಲೆ, ಇಲ್ಲಿಗೆ ಬರೋ ಮುಂಚೆ, ಎಲ್ಲೋ ಒಂದು ಕಡೆ ಲಂಗರು ಇಳಿಸಿದೀರಿ. ಎರಡು ಮೂರು ದಿನದ ಹಿಂದೆ. ಎಲ್ಲಿ?"

"ಕೇಳಬೇಡಿ."

"ಕೇಳೋದೇ ನನ್ನ ಕೆಲಸ."

"ಹಾಗಾದರೆ ಉತ್ತರ ಕೊಡದೆ ಇರೋದು ನನ್ನದು. ನನ್ನನ್ನ ಕರಕೊಂಡು ಹೋಗಿ. ಈಗಲೇ ಹೋಗೋಣ. ಈ ದೋಣೀಲಿ ಇನ್ನು ಕೂರೋಕೆ ಆಗಲ್ಲ." ಆಕೆ ಎದ್ದೇಬಿಟ್ಟಳು. ಕೆಂಪು ದೀಪದ ಕಡೆಗೆ ಮತ್ತೊಮ್ಮೆ ಕಣ್ಣು ಹಾಯಿತು.

ಕಳ್ಳರು ಓಡುವುದನ್ನು ಇನ್‌ಸ್ಪೆಕ್ಟರು ಕಂಡಿದ್ದರು. ಜೈಲಿಗೆ ಇಷ್ಟು ಅವಸರ ಮಾಡುವವರನ್ನು ಕಂಡಿರಲಿಲ್ಲ. ಏಡಿಮರಿಯನ್ನು ಕಿಟಕಿಯಿಂದ ನೀರಿಗೆ ಬಿಟ್ಟು, ಕೈ ಒರೆಸಿಕೊಂಡು, ಮೇಲೆ ಕಾವಲಿದ್ದ ಮಹಿಳಾ ಕಾನ್‌ಸ್ಟೇಬಲ್ಲನ್ನು ಕೂಗಿದರು.

"ಅಲ್ಲಿ ನಿಂತು ಭಾಷಣ ಮಾಡ್ತಿದಾನಲ್ಲ, ಅವನನ್ನ ಒಳಗೆ ಕರಕೊಂಡು ಬಾ ತಾಯಿ. ಎದುರೆದುರೇ ಕೇಳಿಬಿಡೋಣ."

"ಬರಲ್ಲ ಅಂತಾರೆ ಸಾರ್," ಎಂದು ಮೇಲಿನಿಂದ ಉತ್ತರ ಬಂತು. "ಈ ದೋಣಿಗೆ ಕಾಲಿಡಲ್ಲವಂತೆ."

ಅವಳ ಹಿಂದೆಯೇ ತಮ್ಮನ ದನಿ ಬಂತು. "ಇದು ನೀರಿಗಿಳಿದ ದಿನದಿಂದ ಇದರ ಮೇಲೆ ನಾನು ಒಂದು ಹೆಜ್ಜೆ ಇಟ್ಟಿಲ್ಲ, ಸಾರ್. ಬೇಕಾದರೆ ಇಡೀ ಧಕ್ಕೆಯನ್ನ ಕೇಳಿ. ಅಪ್ಪನ ದೋಣೀನ ಅಣ್ಣ ಹೆಂಡತಿ ಮಾತು ಕೇಳಿ ಎತ್ತಿಕೊಂಡು ಹೋದ. ಅವತ್ತೇ ಮುಗೀತು ನನಗೂ ಇದಕ್ಕೂ."

"ಇಟ್ಟಿಲ್ಲದಿದ್ದರೆ ಇವತ್ತು ಇಡು. ಇಲ್ಲಾಂದ್ರೆ ಠಾಣೆಗೆ ಬಾ. ಎರಡರಲ್ಲಿ ಒಂದು."

ಗೊಣಗಾಟ ಕೇಳಿಸಿತು. ದೋಣಿ ಒಂದು ಬದಿಗೆ ತುಸು ವಾಲಿತು. ಇನ್‌ಸ್ಪೆಕ್ಟರ ಹೊಟ್ಟೆಯೂ ಅದರ ಜೊತೆಗೆ ವಾಲಿತು. ಬೂಟು ಬಿಚ್ಚದೆಯೇ ಅವನು ಬಂದಿದ್ದ.

ಬಾಗಿಲಲ್ಲಿ ಅವನ ಕಾಲು ಕಾಣಿಸಿತು, ಆಮೇಲೆ ಸೊಂಟ. ಹೊರಗಿನವರಿಗೆ ಕೇಳಲೆಂದು ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಇಳಿಯುತ್ತಿದ್ದ. "ಇವಳ ಮುಖ ನೋಡೋದೇ ಪಾಪ, ಆದರೂ ಸಾಹೇಬರು ಹೇಳ್ತಿದಾರೆ ಅಂತ..." ಎನ್ನುತ್ತಲೇ ಕೊನೆಯ ಮೆಟ್ಟಿಲಿಗೆ ಬಂದ. ಮಾತು ನಿಲ್ಲಿಸಲಿಲ್ಲ. ಮೇಲೆ ನೋಡಲಿಲ್ಲ. ತಲೆಯನ್ನು ಎಡಕ್ಕೆ ವಾಲಿಸಿ ತಗ್ಗಿಸಿ, ಪೆಟ್ಟಿಗೆಯ ಕೆಳಗಿನಿಂದ ನೀರಿನ ಹಾಗೆ ಜಾರಿ ಒಳಗೆ ಬಂದು ನಿಂತ.

ಅವನ ಹಿಂದೆ ಕಾನ್‌ಸ್ಟೇಬಲ್ ಇಳಿದಳು. ಠಪ್.

"ಅಯ್ಯಪ್ಪ," ಎಂದು ಅವಳು ಹಣೆ ಹಿಡಿದುಕೊಂಡು ಮೆಟ್ಟಿಲ ಮೇಲೆಯೇ ಕೂತಳು.

ಇನ್‌ಸ್ಪೆಕ್ಟರು ಎದ್ದು ನಿಂತರು. ಹೊಟ್ಟೆ ತೊಳಸುವುದು ಯಾವಾಗ ನಿಂತಿತೋ ಅವರಿಗೇ ಗೊತ್ತಾಗಲಿಲ್ಲ. ತಾವು ಬೇಡಿಕೊಂಡದ್ದು ಸಣ್ಣದು, ಸಿಕ್ಕಿದ್ದು ದೊಡ್ಡದು. ಮನಸ್ಸಿನಲ್ಲೇ ಒಮ್ಮೆ ಕೈಮುಗಿದರು.

ಒಳಗಿನ ಇಕ್ಕಟ್ಟಿನಲ್ಲಿ ಮೈದುನನೂ ಅತ್ತಿಗೆಯೂ ಒಂದು ಮಾರು ದೂರದಲ್ಲಿ ಎದುರುಬದುರಾದರು.

"ಬಾ ಚಿಕ್ಕವನೇ," ಎಂದಳು ಟೀಚರ್.

"ಬಾಯಿ ಮುಚ್ಚು. ಹಾಗೆ ಕರೆಯೋ ಹಕ್ಕು ಇದ್ದದ್ದು ಅಪ್ಪನಿಗೆ, ಅಣ್ಣನಿಗೆ. ಇಬ್ಬರೂ ಇಲ್ಲ. ಒಬ್ಬರನ್ನ ದೇವರು ಕರಕೊಂಡ, ಇನ್ನೊಬ್ಬರನ್ನ ನೀನು ಕಳಿಸಿದೆ." ಅವನು ಇನ್‌ಸ್ಪೆಕ್ಟರ ಕಡೆಗೆ ತಿರುಗಿದ. "ಇವಳನ್ನ ಇನ್ನೂ ಕೂರಿಸಿಕೊಂಡು ಮಾತಾಡ್ತಿದೀರಲ್ಲ. ಕೈಗೆ ಬೇಡಿ ಹಾಕೋಕೆ ಮುಹೂರ್ತ ನೋಡ್ತಿದೀರಾ?"

"ನೋಡ್ತಿದೀನಿ," ಎಂದರು ಇನ್‌ಸ್ಪೆಕ್ಟರು ತಣ್ಣಗೆ. "ಯಾರ ಕೈಗೆ ಅಂತಲೂ ನೋಡ್ತಿದೀನಿ. ಹಣೆ ನೋಯ್ತಿದೆಯಾ ನಿನಗೆ?"

"ಏನು?"

"ನನ್ನ ಹಣೆ ಊದಿದೆ. ಇವಳದ್ದೂ ಊದ್ತಿದೆ. ನಿನ್ನದು ಮಾತ್ರ ನುಣ್ಣಗಿದೆ. ಕಣ್ಣು ಧಕ್ಕೆ ಕಡೆಗಿತ್ತು, ಬಾಯಿ ಬೈಗುಳದ ಕಡೆಗಿತ್ತು. ತಲೆಗೆ ಯಾರು ಹೇಳಿದ್ರು, ಇಲ್ಲಿ ತಗ್ಗು ಅಂತ?"

ತಮ್ಮ ಹಿಂದಕ್ಕೆ ತಿರುಗಿ ಬಾಗಿಲನ್ನು ನೋಡಿದ. ಆ ಪೆಟ್ಟಿಗೆಯನ್ನು ಅವನು ಈಗ ಕಂಡ.

"ಅಪ್ಪ ಕಟ್ಟಿದ ದೋಣಿ ಸಾರ್ ಇದು. ಇದರ ಹಲಗೆ ಹಲಗೇನೂ ನನ್ನ ಕೈಯಲ್ಲಿ ಹಾದುಹೋಗಿದೆ. ಎಲ್ಲಿ ತಲೆ ತಗ್ಗಿಸಬೇಕು ಅಂತ ನನಗೆ ಇನ್ನೊಬ್ಬರು ಹೇಳಿಕೊಡಬೇಕಾ?"

"ತೊಲೆ ಅಪ್ಪನದು. ಒಪ್ಪಿದೆ. ಪೆಟ್ಟಿಗೆ?"

ಅವನು ಪೆಟ್ಟಿಗೆಯಿಂದ ಕಣ್ಣು ಕಿತ್ತು ಅತ್ತಿಗೆಯ ಕಡೆಗೆ ನೋಡಿದ.

ಬೆಳಿಗ್ಗೆ ಮೊದಲ ಸಲ ಹಣೆ ಬಡಿದಾಗ ಟೀಚರೇ ಹೇಳಿದ್ದಳು: ಪೆಟ್ಟಿಗೆ ಹಳೆಯದಲ್ಲ, ಹಿಂದಿನ ಬಂದರಿನಲ್ಲಿ, ಹೊರಡುವ ಮುಂಚಿನ ವಾರದಲ್ಲಿ ಗಂಡನೇ ಮೊಳೆ ಹೊಡೆದು ಕೂರಿಸಿದ್ದು, ತನಗೂ ಅಭ್ಯಾಸವಾಗುವವರೆಗೆ ಬಡಿಯುತ್ತಿತ್ತು. ಹಾಗಾದರೆ ಇದರ ಕೆಳಗೆ ತಲೆ ತಗ್ಗಿಸುವುದನ್ನು ಕಲಿತವನು, ಕಡಲಿನ ಆಚೆದಡದ ಆ ಬಂದರಿನಲ್ಲಿ, ಆ ವಾರದಲ್ಲಿ, ಈ ದೋಣಿಯೊಳಗೆ ಬಂದಿರಲೇಬೇಕು. ಒಂದು ಸಲವಾದರೂ ಹಣೆ ಬಡಿಸಿಕೊಂಡಿರಲೇಬೇಕು. ಅದೇ ವಾರದಲ್ಲಿ ಯಾರೋ ಕೊಕ್ಕೆಯ ಸ್ಪ್ರಿಂಗನ್ನೂ ಉಜ್ಜಿರಬಹುದು. ದೋಣಿ ಕಾರ್ಖಾನೆಯವನ ಕೈಗೆ ಅರ ಹೊಸದಲ್ಲ.

ಬೇಡಿಯ ಬಾಯಿ ಈಗ ಆಕೆಯಿಂದ ಅವನ ಕಡೆಗೆ ತಿರುಗಿತ್ತು. ಆಕೆ ಬೆಳಿಗ್ಗೆ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿದರೆ ಸಾಕು, ತಾನು ಪಾರಾಗಬಹುದು.

"ಟೀಚರ್," ಎಂದರು ಇನ್‌ಸ್ಪೆಕ್ಟರು. "ಈ ಪೆಟ್ಟಿಗೆ ಇಲ್ಲಿ ಯಾವಾಗ ಬಂತು? ಇವನ ಎದುರಿಗೆ ಹೇಳಿ."

ಟೀಚರ್ ಮೈದುನನನ್ನು ನೋಡಿದಳು. ಮೂರು ದಿನದಿಂದ ಊರ ಮುಂದೆ ತನ್ನನ್ನು ಕೊಲೆಗಾತಿ ಎಂದು ಕೂಗಿದವನು. ತನ್ನ ಮನೆಯ ಮೇಲೆ ಬೂಟುಗಾಲಿನಲ್ಲಿ ನಿಂತವನು. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಬಾಯಿ ಅರ್ಧ ತೆರೆದಿತ್ತು. ಬೈಗುಳ ಇಳಿದುಹೋದ ಮುಖದಲ್ಲಿ ತೀರಾ ಸಣ್ಣ ಹುಡುಗನಂತೆ ಕಂಡ.

"ಮಾವನವರ ಕಾಲದಿಂದಲೂ ಅಲ್ಲೇ ಇದೆ," ಎಂದಳು ಆಕೆ.

ಕಾನ್‌ಸ್ಟೇಬಲ್ ಹಣೆಯಿಂದ ಕೈ ತೆಗೆದು ನೋಡಿದಳು. ತಮ್ಮನೂ ನೋಡಿದ, ಅಲ್ಲಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಅವನೇ.

"ಬೆಳಿಗ್ಗೆ ಬೇರೆ ಹೇಳಿದ್ರಿ."

"ಬೆಳಿಗ್ಗೆ ತಪ್ಪಿ ಹೇಳಿದೆ. ನಿದ್ದೆ ಇಲ್ಲದೆ ತಲೆ ಕೆಟ್ಟಿದೆ."

"ಇವನನ್ನ ಉಳಿಸೋಕೆ ಸುಳ್ಳು ಹೇಳ್ತಿದೀರಿ. ಇವನು ನಿಮಗೆ ಬಯಸ್ತಿರೋದು ಏನು ಅಂತ ಗೊತ್ತಿದ್ದೂ."

"ಉಳಿಸೋದು ಕೊಲ್ಲೋದು ನನಗೆ ಗೊತ್ತಿಲ್ಲ." ಆಕೆ ಎರಡೂ ಕೈ ಮುಂದೆ ಚಾಚಿದಳು. ಹಗ್ಗ ಎಳೆದೆಳೆದು ಅಂಗೈ ತೊಗಟೆಯಾಗಿತ್ತು. "ಕೊಕ್ಕೆ ಉಜ್ಜಿದವಳು ನಾನು. ತಳ್ಳಿದವಳೂ ನಾನು. ಬೇಸರ ಬಂದಿತ್ತು, ತಳ್ಳಿದೆ. ಸಾಕಾ? ಹೊರಡಿ. ನಿಮ್ಮ ಸಾಹೇಬರಿಗೆ ಸಂಜೆಯೊಳಗೆ ಬೇಕಲ್ಲ."

"ಹೊತ್ತು ಆಗೋ ಮುಂಚೆ ಇಲ್ಲಿಂದ ಹೊರಡಬೇಕು ಅಂತ ನಿಮಗ್ಯಾಕೆ ಇಷ್ಟು..."

ಇನ್‌ಸ್ಪೆಕ್ಟರ ಮಾತು ಅಲ್ಲಿಗೇ ನಿಂತಿತು.

ಅವರ ತಲೆಯ ಮೇಲೆ, ಆ ಪೆಟ್ಟಿಗೆಯೊಳಗೆ, ಕರಕರ ಸದ್ದಾಯಿತು. ಎಣ್ಣೆ ಕಾದ ಬಾಣಲೆಗೆ ನೀರು ಹನಿಸಿದಂಥ ಸದ್ದು. ಆಮೇಲೆ ಅದು ತೆಳ್ಳಗಾಗಿ, ಒಳಗಿನಿಂದ ಗಂಡಸಿನ ದನಿಯೊಂದು ಎದ್ದುಬಂತು.

"ನಿಧಾನ, ನಿಧಾನ. ಕೇಳಿಸ್ತಿದೆಯಾ? ನಿಧಾನ."

ಟೀಚರ ಚಾಚಿದ ಕೈಗಳು ಹಾಗೇ ಗಾಳಿಯಲ್ಲಿ ನಿಂತವು.

"ಚಿಕ್ಕವನು ಬಂದನಾ?" ಎಂದು ದನಿ ಕೇಳಿತು.

ತಮ್ಮನ ಕೈ ತೊಲೆಯನ್ನು ಹಿಡಿಯಿತು. "ಅಣ್ಣ," ಎಂದ. ಕೂಗಿದ್ದಲ್ಲ, ಕತ್ತಲಲ್ಲಿ ಗೋಡೆ ಮುಟ್ಟಿ ನೋಡಿದಂತೆ ಆ ಪದವನ್ನು ಮುಟ್ಟಿ ನೋಡಿದ.

ಇನ್‌ಸ್ಪೆಕ್ಟರಿಗೆ ಏಡಿಮರಿ ನೆನಪಾಯಿತು. ಗುಂಡುಕಿಟಕಿಯ ಆಚೆ ನೋಡಿದರು. ಇಂಥ ಸೆಟ್ಟಿನ ಮಾತು ಬಹುದೂರ ಹೋಗುವುದಿಲ್ಲ. ಬಂದರಿನ ಬಾಯಿಯ ಆಚೆಗಿನ ದ್ವೀಪಗಳಿಂದ ಇಲ್ಲಿಗೆ ಮುಟ್ಟುತ್ತದೆ, ಅಷ್ಟೆ.

"ಬದುಕಿದಾರೆ," ಎಂದರು.

"ಬದುಕಿದಾರೆ." ಟೀಚರ ಬೆನ್ನು ಮೊದಲ ಬಾರಿಗೆ ಬಾಗಿತು. "ಕೊಕ್ಕೆ ಬಿಚ್ಚಿಕೊಂಡು ಬಿದ್ದದ್ದು ನಿಜ. ಹುಡುಕಿ ಎತ್ತಿದೆ. ಎತ್ತಿದ ಮೇಲೆ ಕೊಕ್ಕೆ ನೋಡಿದ್ವಿ. ಅರದ ಗುರುತು ದೋಣಿ ಕಟ್ಟೋರ ಮಗನಿಗೆ ಗೊತ್ತಾಗದೆ ಇರುತ್ತಾ? ಹಿಂದಿನ ಬಂದರಿನಲ್ಲಿ ಇವನು ಬಂದು ಜಗಳ ಆಡಿಹೋಗಿದ್ದ. ಇವನೇ ಅಂತ ಅಂದುಕೊಂಡ್ವಿ. ಬದುಕಿ ಬಂದರೆ ತಮ್ಮ ಇನ್ನೊಂದು ಸಲ ಕೈ ಹಾಕಿ ಜೈಲಿಗೆ ಹೋಗ್ತಾನೆ, ಅದಕ್ಕಿಂತ ತಾನು ಸತ್ತವನಾಗಿರೋದೇ ವಾಸಿ ಅಂದ್ರು. ನೀನು ಮುಂದೆ ಹೋಗು, ನಾನು ಸತ್ತೆ ಅನ್ನು, ಅವನು ಅಳ್ತಾನಾ ನೋಡು ಅಂದ್ರು." ಆಕೆ ತಮ್ಮನ ಕಡೆಗೆ ತಿರುಗಿದಳು. "ನೀನು ಅಳಲಿಲ್ಲ. ಬೈದೆ. ಅದಕ್ಕೇ ಅವರಿಗೆ ಏನು ಹೇಳೋದು ಅಂತ ತಿಳೀದೆ ಕೂತಿದ್ದೆ."

"ಇಷ್ಟು ದಿನ ಅವರಿಗೆ ಅನ್ನ ನೀರು?"

"ಕೊಟ್ಟು ಬಂದಿದೀನಿ. ಕೈಯಲ್ಲಿ ಹಿಡಿಯೋ ಸಣ್ಣದೊಂದು ಸೆಟ್ಟನ್ನೂ ಕೊಟ್ಟಿದೀನಿ. ದಿನಕ್ಕೊಂದು ಸಲ, ಈ ಹೊತ್ತಿಗೆ ಕರೀತಾರೆ."

"ಅದಕ್ಕೇ ಅವಸರ," ಎಂದು ಕಾನ್‌ಸ್ಟೇಬಲ್ ತನಗೆ ತಾನೇ ಅಂದುಕೊಂಡಳು.

ಇನ್‌ಸ್ಪೆಕ್ಟರು ಪೆಟ್ಟಿಗೆಯಿಂದ ಮೈಕು ತೆಗೆದು ಆಕೆಯ ಕೈಗಿತ್ತರು. "ಉತ್ತರ ಕೊಡಿ. ಪೊಲೀಸರು ಬರ್ತಿದಾರೆ, ಹೆದರಬೇಡಿ ಅನ್ನಿ."

ಟೀಚರ್ ಮೈಕಿನ ಗುಂಡಿ ಒತ್ತಿದಳು. "ಕೇಳಿಸ್ತಿದೆ. ಚಿಕ್ಕವನು ಇಲ್ಲೇ ಇದಾನೆ. ನಾವು ಬರ್ತಿದೀವಿ." ಒಂದು ಕ್ಷಣ ತಡೆದು, ಮೆಲ್ಲಗೆ, ಮನೆಯ ಬಾಗಿಲು ಮುಂದಕ್ಕೆ ಎಳೆದುಕೊಳ್ಳುವ ದನಿಯಲ್ಲಿ ಸೇರಿಸಿದಳು. "ಇನ್ನು ನಿಮ್ಮದು."

ಗುಂಡಿ ಬಿಟ್ಟಳು. ಕರಕರ ಸದ್ದು. ನಾಲ್ವರೂ ಪೆಟ್ಟಿಗೆಯ ಕಡೆಗೆ ಮುಖ ಎತ್ತಿ ನಿಂತರು.

"ಸರಿ," ಎಂದಿತು ದನಿ. "ಅವನನ್ನೂ ಕರಕೊಂಡು ಬಾ. ಪೊಲೀಸರು ಬೇಡ. ಒಬ್ಬಳೇ ಬಾ, ಅವನ ಜೊತೆ." ಮತ್ತೆ ಕರಕರ. ಆಮೇಲೆ ಟಕ್ಕೆಂದು ಎಲ್ಲವೂ ನಿಂತುಹೋಯಿತು.

ಟೀಚರ್ ಮೈಕನ್ನು ಹಿಡಿದೇ ಇದ್ದಳು. ಇನ್ನೊಂದು ಮಾತಿಗೆ ಕಾದಳು. ಬರಲಿಲ್ಲ. ಮುಖದ ಬಣ್ಣ ನೋಡನೋಡುತ್ತ ಇಳಿದುಹೋಯಿತು.

"'ನನ್ನದು' ಅನ್ನಲಿಲ್ಲ," ಎಂದಳು.

"ಮರೆತಿರಬಹುದು," ಎಂದಳು ಕಾನ್‌ಸ್ಟೇಬಲ್.

"ಜ್ವರದಲ್ಲಿ ಮರೀಲಿಲ್ಲ. ನೀರಿನಿಂದ ಎತ್ತಿಹಾಕಿದಾಗ, ಹಲ್ಲು ಕಟಕಟ ಅನ್ನುವಾಗಲೂ ಮರೀಲಿಲ್ಲ." ಆಕೆ ಇನ್‌ಸ್ಪೆಕ್ಟರ ಕಡೆಗೆ ತಿರುಗಿದಳು. "ಅನ್ನದೆ ಬಿಟ್ಟು ನನಗೆ ಹೇಳ್ತಿದಾರೆ. ಅವರ ಕೈಯಲ್ಲಿ ಚುಕ್ಕಾಣಿ ಇಲ್ಲ. ಪಕ್ಕದಲ್ಲಿ ಯಾರೋ ಇದಾರೆ. ಈ ಮಾತನ್ನ ಯಾರೋ ಆಡಿಸ್ತಿದಾರೆ."

"ಅವರು ಅಲ್ಲಿರೋದು ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ. ಆದರೆ ಈ ಸೆಟ್ಟಿನ ಮಾತು ಗುಟ್ಟಿನದಲ್ಲ. ಬಂದರಿನಲ್ಲಿ ಸೆಟ್ಟು ಇರೋ ಯಾವ ದೋಣಿಗಾದರೂ ಕೇಳುತ್ತೆ. ನಿನ್ನೆ ಕರೆದಾಗ ಯಾರೋ ಕಿವಿ ಕೊಟ್ಟಿದಾರೆ." ಆಕೆಯ ಕಣ್ಣು ಮೈದುನನ ಮೇಲೆ ಬಂದು ನಿಂತಿತು. ಇಷ್ಟು ಹೊತ್ತೂ ಅವನಿಗಾಗಿ ಕೈ ಚಾಚಿದ್ದವಳ ನೋಟ ಈಗ ಅರದ ಅಲಗಿನಂತಿತ್ತು. "ನೀನಾ? ಯಾರನ್ನ ಕಳಿಸಿದೀಯ?"

ತಮ್ಮ ತೊಲೆಯನ್ನು ಬಿಟ್ಟ. ತನ್ನ ಬೂಟುಗಳನ್ನು ನೋಡಿಕೊಂಡ, ಅವು ಮರದ ಹಾಸಿನ ಮೇಲೆ ಒತ್ತಿದ ಕೆಸರನ್ನು ನೋಡಿದ. ಬಗ್ಗಿ, ಒಂದೊಂದಾಗಿ ಬಿಚ್ಚತೊಡಗಿದ.

"ನಾನು ಯಾರನ್ನೂ ಕಳಿಸಿಲ್ಲ. ಕೊಕ್ಕೆ ಮುಟ್ಟಿದವನೂ ನಾನಲ್ಲ." ಅವನು ತಲೆ ಎತ್ತದೆ ಹೇಳಿದ. "ಆದರೆ ಅವತ್ತು ಈ ದೋಣಿಗೆ ನಾನೊಬ್ಬನೇ ಬಂದಿರಲಿಲ್ಲ, ಅತ್ತಿಗೆ. ನಾವು ಒಳಗೆ ಜಗಳ ಆಡ್ತಿದ್ದಾಗ ಇನ್ನೊಬ್ಬ ಮೇಲೇ ಇದ್ದ."

ಇನ್‌ಸ್ಪೆಕ್ಟರಿಗೆ ಬೆಳಗಿನ ಕೊಡೆ ನೆನಪಾಯಿತು. ಆ ನಯವಾದ ಮುಖ ನೆನಪಾಯಿತು. ಅಷ್ಟರಲ್ಲಿ ಕಾನ್‌ಸ್ಟೇಬಲ್ ಎರಡೇ ಹೆಜ್ಜೆಗೆ ಮೆಟ್ಟಿಲು ಹತ್ತಿ, ಈ ಸಲ ತಲೆ ತಗ್ಗಿಸಿ, ಹೊರಗೆ ಇಣುಕಿದ್ದಳು.

"ಸಾರ್," ಎಂದಳು. "ಪಾಲುದಾರರ ಮೋಟರ್ ದೋಣಿ ಬೆಳಿಗ್ಗೆ ನಮ್ಮ ಪಕ್ಕದಲ್ಲೇ ಕಟ್ಟಿತ್ತು. ಈಗ ಬರೀ ಹಗ್ಗ ನೇತಾಡ್ತಿದೆ."